ಕೊಡಪಾನಕ್ಕೆ ಹಾಕಿದ ಪ್ಲಾಸ್ಟರು

ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಬಲಗೈ ತನ್ನಷ್ಟಕ್ಕೆ ಮುಷ್ಟಿ ಕಟ್ಟುತ್ತದೆ. ಹಿಂಡಲು ಏನಾದರೂ ಕೊಡು ಎಂದು ಕೇಳುವ ಹಾಗೆ.

ಮೊನ್ನೆಯೂ ಹಾಗೆಯೇ ಆಯಿತು. ಮೂಡುಬಿದಿರೆಯಲ್ಲಿ ನಮ್ಮ ಪಕ್ಕದ ಮನೆಯನ್ನು ಕೊಂಡವರು ಎರಡು ಅಂಗಳಗಳ ನಡುವಿನ ಪಾಗಾರವನ್ನು ಎತ್ತರಿಸುತ್ತಿದ್ದಾರೆ. ಇಷ್ಟು ವರ್ಷ ಸೊಂಟದ ಮಟ್ಟಕ್ಕಿದ್ದ ಗೋಡೆ ಅದು. ಒಳ್ಳೆಯ ಜನ. ಕೆಲಸ ಸುರು ಮಾಡುವ ಮೊದಲು ಬಂದು, "ಟೀಚರ್, ಪಾಗಾರದ ಮೇಲಿನ ಹೂವಿನ ಚಟ್ಟಿಗಳನ್ನು ಒಮ್ಮೆ ತೆಗೆದುಕೊಳ್ತೀರಾ?" ಎಂದು ಸಂಕೋಚದಿಂದಲೇ ಕೇಳಿದರು. ಒಂದೊಂದಾಗಿ ಇಳಿಸಿದೆ. ಕೊನೆಗೆ ಉಳಿದದ್ದು, ದೂರದಿಂದ ನೋಡಿದರೆ ನೆರಿಗೆ ನೆರಿಗೆಯಾಗಿ ಇಳಿಬಿದ್ದ ಬಟ್ಟೆಯಂತೆ ಕಾಣುವ, ಮುಟ್ಟಿದರೆ ಕಲ್ಲಾಗಿರುವ ಒಂದು ಚಟ್ಟಿ. ಅದರ ಎರಡೂ ಬದಿಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ದಪ್ಪನೆಯ ಬೆಸುಗೆಯ ಗುರುತು. ಒಳಗೆ ಮಲ್ಲಿಗೆ ಗಿಡ. ಅದನ್ನು ತಬ್ಬಿ ಎತ್ತುವ ಹೊತ್ತಿಗೆ ಸರಿಯಾಗಿ ಆಚೆ ಕಡೆ ಮೇಸ್ತ್ರಿ ಸಿಮೆಂಟು ಕಲಸತೊಡಗಿದರು. ಆ ವಾಸನೆ... ಚಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ನಾನೂ ಅದರ ಪಕ್ಕದಲ್ಲಿ ಕುಳಿತುಬಿಟ್ಟೆ.

ಪಾಗಾರದ ಆಚೆ ಮನೆಯಲ್ಲಿದ್ದವರು ಕಂಪೌಂಡರು. ಊರಿನ ಹಳೆಯ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಮದ್ದು ಕಟ್ಟಿಕೊಡುವುದು, ಗಾಯ ತೊಳೆಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಕೈಕಾಲು ಮುರಿದುಕೊಂಡು ಬಂದವರಿಗೆ ಡಾಕ್ಟರರ ಪಕ್ಕದಲ್ಲಿ ನಿಂತು ಪ್ಲಾಸ್ಟರು ಸುತ್ತುವುದು ಅವರ ಕೆಲಸವಾಗಿತ್ತು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಬಚ್ಚಲಲ್ಲಿ ಜಾರಿದವರು ಎಲ್ಲರೂ ತನ್ನ ಕೈಯಿಂದ ದಾಟಿ ಹೋದವರೇ ಎಂದು ಅವರ ಹೆಮ್ಮೆ. ಸ್ವಲ್ಪ ಉಪ್ಪು ಖಾರ ಸೇರಿಸಿದ್ದೂ ಇರಬಹುದು. ಆದರೆ ಒಂದು ಮಾತು ನಿಜ, ಅವರಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ಎಲುಬು ನೆನಪಿರುತ್ತಿತ್ತು. ಮದುವೆಯ ಹಾಲ್‌ನಲ್ಲಿ ಯಾರಾದರೂ ಎದುರಾದರೆ ಹುಬ್ಬು ಗಂಟಿಕ್ಕಿ ನೋಡಿ, ಮುಖವೆಲ್ಲ ಅರಳಿಸಿ, "ಓ, ಎಡ ಮೊಣಕೈ! ಎಲ್ಲಿ, ಮಡಚಿ ನೋಡುವ?" ಎನ್ನುತ್ತಿದ್ದರು. ಎಷ್ಟು ದೊಡ್ಡ ಮನುಷ್ಯರಾದರೂ ಊಟದ ಸಾಲಿನಲ್ಲಿ ನಿಂತು ಕೈ ಮಡಚಿ, ಬಿಡಿಸಿ ತೋರಿಸದೆ ಬಿಡುಗಡೆ ಇರಲಿಲ್ಲ.

ನಮ್ಮ ಬೀದಿಯಲ್ಲಿ ಎಲ್ಲರ ಮಾತೂ ತುಳು. ಕಂಪೌಂಡರು ನನ್ನ ಅತ್ತೆಯೊಡನೆ ತುಳುವಿನಲ್ಲಿ ಬಾಯ್ತುಂಬ ಹರಟುತ್ತಿದ್ದವರು ನನ್ನನ್ನು ಕಂಡ ಕೂಡಲೇ ಕನ್ನಡಕ್ಕೆ ಹಾರುತ್ತಿದ್ದರು. ಕನ್ನಡ ಟೀಚರೆಂದ ಮೇಲೆ ಕನ್ನಡದಲ್ಲಿಯೇ ಮಾತಾಡಬೇಕೆಂಬ ಮರ್ಯಾದೆ ಅದು. "ನನ್ನ ಹತ್ತಿರವೂ ತುಳುವಿನಲ್ಲಿಯೇ ಮಾತಾಡಿ" ಎಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ.

ಡಾಕ್ಟರರು ತೀರಿಕೊಂಡು ಕ್ಲಿನಿಕ್ಕು ಮುಚ್ಚಿದ ಮೇಲೆ ಕಂಪೌಂಡರ ಕೈಗೆ ಕೆಲಸವಿಲ್ಲದಾಯಿತು. ಜಗಲಿಯಲ್ಲಿ ಕುಳಿತು ಪೇಪರನ್ನು ಮಡಚುವುದು, ಬಿಡಿಸುವುದು. ಹಾಗಿರುವಾಗ ಒಂದು ದಿನ ಮನೆಗೆ ಬಂದ ನೆಂಟರ ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳಂತೆ. ಹಳೆಯ ಟವೆಲನ್ನು ಸಿಮೆಂಟು ನೀರಿನಲ್ಲಿ ಅದ್ದಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಹರಡಿ, ಒಣಗಿಸಿ, ಹೂವಿನ ಚಟ್ಟಿ ಮಾಡುವ ವಿಡಿಯೋ. ಕಂಪೌಂಡರು ಕುರ್ಚಿಯಿಂದ ಎದ್ದು ನಿಂತು, "ಇದು ನಮ್ಮ ಪ್ಲಾಸ್ಟರೇ ಅಲ್ವಾ ಮಾರಾಯ್ರೆ!" ಎಂದು ಕೂಗಿದ್ದು ನಮ್ಮ ಅಡಿಗೆಮನೆಗೂ ಕೇಳಿಸಿತ್ತು.

ಅಲ್ಲಿಂದ ಮುಂದೆ ಅವರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿಮೆಂಟಿನ ಹದಕ್ಕೆ ಅವರದ್ದೇ ಒಂದು ಅಳತೆ: ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು. ಬಟ್ಟೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಯಾರಾದರೂ ಹಳೆಯ ನೈಲಾನ್ ಸೀರೆ ತಂದುಕೊಟ್ಟರೆ, "ಇದು ಕುಡಿಯುವ ಜಾತಿಯಲ್ಲ" ಎಂದು ವಾಪಸ್ಸು ಕೊಡುತ್ತಿದ್ದರು. ಹೆಗಲ ಮೇಲೆ ಹಾಕಿಕೊಳ್ಳುವ ತೆಳ್ಳಗಿನ ಹತ್ತಿಯ ಬೈರಾಸು ಚೆನ್ನಾಗಿ ಕುಡಿಯುತ್ತದೆ, ಹಳೆಯ ಪಂಚೆ ಕುಡಿಯುತ್ತದೆ. ಗಲ್ಫಿನಿಂದ ಬಂದ ದಪ್ಪ ಟವೆಲು ಮಾತ್ರ "ಮದುವೆಯ ಹಿಂದಿನ ದಿನ ನೆಂಟರು ಕುಡಿದ ಹಾಗೆ ಕುಡೀತದೆ" ಎನ್ನುತ್ತಿದ್ದರು. ಮಾಡಿದ್ದನ್ನೆಲ್ಲ ಬಂದವರಿಗೆ ಹಂಚಿಬಿಡುತ್ತಿದ್ದರು. "ಕಂಪೌಂಡ್ರ ದೆಸೆಯಿಂದ ಊರಿಗೆ ಊರೇ ಸಿಮೆಂಟು ಲಂಗ ಹಾಕಿಕೊಂಡಾಯ್ತು" ಎಂದು ಅತ್ತೆ ನಗುತ್ತಿದ್ದರು.

ನಾನು ಬಿದ್ದದ್ದು ಆ ವರ್ಷದ ಮಳೆಗಾಲದಲ್ಲಿ. ತವರಿನಿಂದ ವಾಪಸ್ಸು ಬರುವಾಗ ಬೆಳ್ತಂಗಡಿ ಬಸ್ಸಿನಿಂದ ಇಳಿಯುತ್ತಿದ್ದೆ. ಕಂಡಕ್ಟರ್ "ಬೇಗ ಬೇಗ" ಎಂದ, ನಾನು ಬೇಗ ಬೇಗ ಇಳಿದೆ, ನೆಲವೂ ಬೇಗನೆ ಬಂತು. ಅಂಗೈ ಊರಿದೆ, ಮಣಿಕಟ್ಟು ಮುರಿಯಿತು. ಆಸ್ಪತ್ರೆಯವರು ಚೆನ್ನಾಗಿಯೇ ನೋಡಿಕೊಂಡರು. ಪ್ಲಾಸ್ಟರು ಬಿಚ್ಚುವಾಗ ಎಲುಬು ಸರಿಯಾಗಿ ಕೂಡಿತ್ತು. ಆದರೆ ಕೈ ನನ್ನದಾಗಿರಲಿಲ್ಲ. ಬೆರಳುಗಳು ಅರ್ಧ ಮಡಚಿ ನಿಂತುಬಿಡುತ್ತಿದ್ದವು. ಹಿಸುಕಲು ಒಂದು ಮೆತ್ತನೆಯ ಚೆಂಡು ಕೊಟ್ಟು, ದಿನವೂ ಮಾಡಬೇಕೆಂದು ಹೇಳಿ ಕಳಿಸಿದ್ದರು. ಹಿಸುಕಿದರೆ ನೋವು ಮೊಣಕೈವರೆಗೆ ಏರುತ್ತಿತ್ತು. ನೋವಿಗಿಂತ ಹೆಚ್ಚು ಹೆದರಿಕೆ. ಒಳಗೆ ಏನೋ ಟಕ್ಕೆಂದರೆ, ಮತ್ತೆ ಮುರಿದರೆ... ಚೆಂಡು ಮಂಚದ ಕೆಳಗೆ ಸೇರಿತು.

ನಾನಿದ್ದದ್ದು ಖಾಸಗಿ ಶಾಲೆಯಲ್ಲಿ. ದೀಪಾವಳಿ ಕಳೆದು ಬಂದು ಪಾಠ ಮಾಡಲಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಹೆಡ್‌ಮಿಸ್ ಬಹಳ ಬೇಸರದಿಂದ ತಿಳಿಸಿದ್ದರು. ಮನೆಯಲ್ಲಿ ಬಾಗಿಲ ಹಿಂದೆ ಸೀಮೆಸುಣ್ಣದಿಂದ ಬರೆದು ನೋಡಿದೆ. ಸೀಮೆಸುಣ್ಣ ಬೆರಳ ನಡುವಿನಿಂದ ಜಾರಿ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಗಂಡ ಗಲ್ಫಿನಿಂದ ಫೋನು ಮಾಡಿ "ಕೆಲಸ ಬಿಟ್ಟರೆ ಬಿಡು, ಆರಾಮ ಮಾಡು" ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ನನಗೆ ಆರಾಮ ಬೇಕಿರಲಿಲ್ಲ. ಬೋರ್ಡಿನ ಮುಂದೆ ನಿಂತಾಗ ಮಾತ್ರ ನಾನು ನಾನಾಗಿರುತ್ತಿದ್ದೆ, ಅದು ಹೋದರೆ ಉಳಿಯುವುದೇನೆಂದು ಗೊತ್ತಿರಲಿಲ್ಲ. ತೆಂಗಿನಕಾಯಿ ತುರಿಯುವ ಕೆಲಸವನ್ನೂ ಅತ್ತೆಯೇ ಮಾಡುತ್ತಿದ್ದರು, ಅದೂ ಒಂದೊಂದು ಹೋಳಿಗೆ ಒಂದೊಂದು ನಿಟ್ಟುಸಿರಿನಂತೆ.

ಕಂಪೌಂಡರು ಪಾಗಾರದ ಆಚೆಯಿಂದ ಎಲ್ಲವನ್ನೂ ನೋಡುತ್ತಿದ್ದರು. ಒಂದು ಬೆಳಿಗ್ಗೆ, "ಕೈ ಕೊಡಿ ಟೀಚರ್, ನೋಡುವ" ಎಂದರು. ಕೊಟ್ಟೆ. ನನ್ನ ಬೆರಳುಗಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, "ಒತ್ತಿ" ಎಂದರು. ಒತ್ತಿದೆ. "ಒತ್ತಿ ಅಂದ್ರೆ?" ಎಂದರು. ಒತ್ತಿಯೇ ಇದ್ದೆ. ನನಗೆ ಅಳು ಬಂತು. ಅವರು ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. ಒಳಗೆ ಹೋಗಿ ಒಂದು ಜೊತೆ ರಬ್ಬರ್ ಗ್ಲೌಸು ತಂದು ಪಾಗಾರದ ಮೇಲಿಟ್ಟರು.

"ನನಗೊಬ್ಬರು ಸಹಾಯಕ್ಕೆ ಬೇಕು. ಬೈರಾಸು ಹಿಂಡ್ಲಿಕ್ಕೆ ಉಂಟು."

"ನನ್ನ ಈ ಕೈಯಲ್ಲಿಯಾ? ಆಸ್ಪತ್ರೆಯಲ್ಲಿ ಚೆಂಡು ಒತ್ತಲಿಕ್ಕೆ ಹೇಳಿದ್ದಾರೆ, ಅದೇ ಆಗುವುದಿಲ್ಲ."

"ಅವರು ಹೇಳಿದ್ದು ಸರಿಯೇ. ಆದ್ರೆ ಚೆಂಡು ಹಿಡಿದ್ರೆ ಚೆಂಡಿನಲ್ಲಿ ನೋಡ್ಲಿಕ್ಕೆ ಎಂತ ಉಂಟು? ನೋವೇ ನೆನಪಾಗ್ತದೆ. ಇದರಲ್ಲಿ ಚಟ್ಟಿಯಾದ್ರೂ ಆಗ್ತದಲ್ಲ."

ಹೀಗೆ ನಾನು ಅವರ ಅಂಗಳಕ್ಕೆ ಹೋಗತೊಡಗಿದೆ. ಅದ್ದುವುದು, ಹಿಂಡುವುದು, ಬಿಡಿಸುವುದು, ಮತ್ತೆ ಅದ್ದುವುದು. ಸಿಮೆಂಟು ಎಳೆ ಎಳೆಗೂ ಇಳಿಯಬೇಕು, ಆದರೆ ಹೆಚ್ಚಿನದ್ದು ಹೊರಗೆ ಬರಬೇಕು. ಮೊದಲು ಮೊದಲು ನಾನು ಹಿಂಡಿದ ಬೈರಾಸಿನಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಅವರು ಅದನ್ನು ಕೈಗೆತ್ತಿಕೊಂಡು ಮತ್ತೊಮ್ಮೆ ಹಿಂಡುತ್ತಿದ್ದರು. ನನ್ನನ್ನು ಸಹಾಯಕ್ಕೆಂದು ಕರೆದದ್ದು ಶುದ್ಧ ಸುಳ್ಳೆಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ನನಗೆ ಗೊತ್ತಾಗಿದೆಯೆಂದು ಅವರಿಗೂ ಗೊತ್ತಿತ್ತು. ಇಬ್ಬರೂ ಆ ಮಾತನ್ನು ಎತ್ತಲಿಲ್ಲ. ದಿನ ಕಳೆದಂತೆ ನನ್ನ ಬೈರಾಸಿನಿಂದ ಬೂದು ನೀರು ಹನಿಯತೊಡಗಿತು, ಆಮೇಲೆ ಸಣ್ಣಗೆ ಧಾರೆಯಾಗಿ ಇಳಿಯತೊಡಗಿತು. ನೋವಿರಲಿಲ್ಲವೆಂದಲ್ಲ. ಆದರೆ ಬಕೆಟ್ಟಿನ ಮೇಲೆ ಬಟ್ಟೆಯ ಮೂಲೆಗಳು ಹೇಗೆ ಬೀಳುತ್ತವೆ, ಯಾವ ನೆರಿಗೆಯನ್ನು ಎಲ್ಲಿ ಚಿವುಟಿದರೆ ಚೆಂದ ಎಂದು ನೋಡುವ ಭರದಲ್ಲಿ ನೋವು ಎಷ್ಟೋ ಹೊತ್ತು ಮರೆತುಹೋಗುತ್ತಿತ್ತು.

ಹೊಸತರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ನನ್ನದೂ ಅದೇ ಕತೆಯಾಯಿತು. ಬಕೆಟ್ಟಿನ ಮೇಲೆ ಮಾಡಿದ ಚಟ್ಟಿಗಳೆಲ್ಲ ಒಂದೇ ತರಹ ಕಂಡವು. ದೀಪಾವಳಿ ಹತ್ತಿರ ಬಂದಿತ್ತು. ಅತ್ತೆ ವೇಣೂರಿನ ತಮ್ಮನ ಮನೆಗೆ ಹೋಗಿದ್ದರು. ಕಂಪೌಂಡರೂ ಯಾವುದೋ ಮದುವೆಗೆಂದು ಬಂಟ್ವಾಳಕ್ಕೆ ಹೋಗಿದ್ದರು. ಯಾರಿಗೂ ಹೇಳದೆ, ಗುಂಡು ಹೊಟ್ಟೆಯ ಒಂದು ಚಟ್ಟಿ ಮಾಡಿ ಇಬ್ಬರನ್ನೂ ಬೆರಗುಗೊಳಿಸಬೇಕೆಂದು ನನಗೆ ಆಸೆಯಾಯಿತು. ಬಚ್ಚಲಿನಲ್ಲಿ ಅತ್ತೆಯ ತಾಮ್ರದ ಕೊಡಪಾನ ಇತ್ತು. ಅವರ ತವರಿನಿಂದ ಬಂದದ್ದು. ಅದನ್ನು ಬೋರಲು ಹಾಕಿ, ಎಣ್ಣೆ ಸವರಿ, ಕಪಾಟಿನಿಂದ ನೆಂಟರಿಗೆಂದು ಇಟ್ಟಿದ್ದ ಗಲ್ಫಿನ ಟವೆಲನ್ನು ತೆಗೆದು, ಅದ್ದಿ, ಹಿಂಡಿ, ಅದರ ಮೇಲೆ ಹೊದಿಸಿದೆ. ಅಂಚು ಸೊಟ್ಟಗಾಗುತ್ತಿತ್ತು. ಹಾಗಾಗಿ ಕೊಡಪಾನದ ಸಪೂರ ಕತ್ತಿನ ಸುತ್ತ ಬಟ್ಟೆಯನ್ನು ಬಿಗಿಯಾಗಿ ಒತ್ತಿ ಹುರಿಹಗ್ಗದಿಂದ ಕಟ್ಟಿದೆ. ಬಹಳ ಚೆಂದ ಕಂಡಿತು. ಒಳಗಿನ ಕೊಡಪಾನ ಹೊರಗೆ ಬರುವುದು ಹೇಗೆಂಬ ಯೋಚನೆ, ದೇವರಾಣೆಗೂ ನನಗೆ ಬರಲಿಲ್ಲ.

ದೀಪಾವಳಿಯ ಮುನ್ನಾದಿನ, ನೀರು ತುಂಬಿಸುವ ದಿನ, ಬೆಳಿಗ್ಗೆ ಅತ್ತೆ ವಾಪಸ್ಸು ಬಂದರು. ಆ ಸಂಜೆ ಬಚ್ಚಲಿನ ಹಂಡೆಯನ್ನು ತಿಕ್ಕಿ ತೊಳೆದು, ಕೊರಳಿಗೆ ಹೂವಿನ ಬಳ್ಳಿ ಸುತ್ತಿ, ಮರುದಿನದ ಎಣ್ಣೆಸ್ನಾನಕ್ಕೆ ಬಾವಿಯಿಂದ ನೀರು ಸೇದಿ ತುಂಬಿಸಬೇಕು. ಆ ನೀರು ಸೇದಲು ಅತ್ತೆಗೆ ಆ ಕೊಡಪಾನವೇ ಆಗಬೇಕು, ಮದುವೆಯಾಗಿ ಬಂದಂದಿನಿಂದ ಅದೇ ಕ್ರಮ. ಹುಡುಕಿದರು. ಕೊನೆಗೆ ನಾನೇ ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಬಿಸಿಲಿನಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗಿ ಕಲ್ಲಾಗಿ ಕುಳಿತಿತ್ತು.

"ಇದು ಎಂತ ಮಾರಾಯ್ತಿ! ನನ್ನ ಕೊಡಪಾನಕ್ಕೆ ಸೀರೆ ಉಡಿಸಿದ್ದಾ?" ಎಂದು ಅತ್ತೆ ಅಲ್ಲೇ ಕುಳಿತುಬಿಟ್ಟರು.

ಮದುವೆ ಮುಗಿಸಿ ಮರಳಿದ್ದ ಕಂಪೌಂಡರು ಕೂಗು ಕೇಳಿ ಬಂದರು. ಅದರ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿದರು. ಕೈಯಿಂದ ತಟ್ಟಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಸುರುಮಾಡಿದರು. "ಪ್ಲಾಸ್ಟರ್ ಹಾಕುವಾಗಲೇ ತೆಗೆಯುವುದನ್ನೂ ಯೋಚಿಸ್ಬೇಕು ಟೀಚರ್. ಇಷ್ಟು ಬಿಗಿ ಹಾಕಿದ್ರೆ ಪೇಷಂಟಿಗೆ ರಕ್ತವೇ ಓಡುವುದಿಲ್ಲ!" ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಮನೆಯಿಂದ ಒಂದು ಉಳಿ, ಸುತ್ತಿಗೆ, ಹಳೆಯ ಕಾಲದ ಪ್ಲಾಸ್ಟರು ಕತ್ತರಿಸುವ ದಪ್ಪ ಕತ್ತರಿ ತಂದರು. ಎರಡು ಕಡೆ ಉದ್ದಕ್ಕೆ ಸೀಳಿ ಎರಡು ಹೋಳು ಮಾಡಬೇಕು, ಬೇರೆ ದಾರಿಯಿಲ್ಲ ಎಂದರು. ಆಮೇಲೆ ಉಳಿಯನ್ನು ನನ್ನ ಕಡೆ ಚಾಚಿದರು.

"ಅವಳ ಕೈಗಾ ಕೊಡುವುದು? ಜಾರಿದ್ರೆ ನನ್ನ ತಾಮ್ರ ಹೋಯ್ತು!" ಎಂದರು ಅತ್ತೆ.

ಕಂಪೌಂಡರು ಆಗ ತನ್ನ ಎಡಗೈಯನ್ನು ಎತ್ತಿ ಹಿಡಿದರು. ಅದು ಗಾಳಿಗೆ ಎಲೆ ಅಲುಗುವಂತೆ ಅಲುಗುತ್ತಿತ್ತು. ಇಷ್ಟು ದಿನ ಅವರ ಜೊತೆ ಕೆಲಸ ಮಾಡಿದ್ದರೂ ನಾನದನ್ನು ಗಮನಿಸಿರಲಿಲ್ಲ. ಯಾವಾಗಲೂ ಅದರಲ್ಲೊಂದು ಬೈರಾಸು ಇರುತ್ತಿತ್ತು.

"ಹೊಡೀಲಿಕ್ಕೆ ಬಲಗೈ ಉಂಟು. ಹಿಡೀಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದರು ಅತ್ತೆಗೆ. ನಾನು ಎಡಗೈ ಚಾಚಿದೆ. "ಅದಲ್ಲ ಟೀಚರ್" ಎಂದರು ನನಗೆ.

ಬಲಗೈಯಲ್ಲಿ ಉಳಿ ಹಿಡಿದೆ. ಉಳಿ ನೆಟ್ಟಗೆ ನಿಲ್ಲಬೇಕು. ಓರೆಯಾದರೆ ತಾಮ್ರಕ್ಕೆ ಪೆಟ್ಟು, ಜಾರಿದರೆ ನನ್ನ ಬೆರಳಿಗೆ ಸುತ್ತಿಗೆ. ಮೊದಲ ಪೆಟ್ಟಿಗೆ ಭುಜದವರೆಗೂ ಝುಂ ಎಂದಿತು. ನಾನು ಕಣ್ಣು ಮುಚ್ಚಿದೆ. "ಕಣ್ಣು ಮುಚ್ಚಿದ್ರೆ ನಾನು ಹೊಡೆಯುವುದಿಲ್ಲ" ಎಂದರು. ತೆರೆದೆ. ಎರಡನೆಯ ಪೆಟ್ಟು. ಒಳಗೆ ಏನೂ ಟಕ್ಕೆನ್ನಲಿಲ್ಲ. ಸಿಮೆಂಟು ಬಿರಿಯಿತು, ನನ್ನ ಎಲುಬು ಬಿರಿಯಲಿಲ್ಲ. ಆಮೇಲೆ ಯಾವ ಪೆಟ್ಟು ಎಷ್ಟನೆಯದೆಂದು ನನಗೆ ತಿಳಿಯದು. ಅತ್ತೆಯ ಬಾಯಲ್ಲಿ ಊರಿನ ದೈವ ದೇವರುಗಳೆಲ್ಲ ಒಬ್ಬರಾದ ಮೇಲೆ ಒಬ್ಬರು ಬಂದು ಹೋಗುತ್ತಿದ್ದುದು ಮಾತ್ರ ಕೇಳುತ್ತಿತ್ತು. ಸಿಮೆಂಟಿನ ಅಡಿಯ ಬಟ್ಟೆಯನ್ನು ಕತ್ತರಿಸಲು ಕತ್ತರಿಯನ್ನೂ ನನಗೇ ಕೊಟ್ಟರು. ಅದನ್ನು ಒಂದೊಂದು ಸಲ ಅಮುಕುವುದೂ ಒಂದೊಂದು ಜಗಳ. ಕೊನೆಗೆ ಚಿಪ್ಪು ಎರಡಾಗಿ ಬಿಡಿಸಿಕೊಂಡಿತು. ಒಳಗಿನಿಂದ ತಾಮ್ರದ ಕೊಡಪಾನ ಎಣ್ಣೆ ಸವರಿದ ಮೈಯಲ್ಲಿ, ಎಣ್ಣೆಸ್ನಾನಕ್ಕೆ ಹೊರಟ ಮಗುವಿನ ಹಾಗೆ ಹೊರಬಂತು. ಹೊಟ್ಟೆಯ ಮೇಲೆ ಒಂದು ಸಣ್ಣ ನಗ್ಗು ಮಾತ್ರ.

ನಾನು ನನ್ನ ಕೈ ನೋಡಿಕೊಂಡೆ. ಕತ್ತರಿಯನ್ನು ಇನ್ನೂ ಬಿಗಿಯಾಗಿ ಹಿಡಿದಿತ್ತು. ಬಿಡಲು ಮರೆತಿತ್ತು.

ಆ ಸಂಜೆ ಅತ್ತೆ ಕೊಡಪಾನವನ್ನು ಹುಣಸೆಹುಳಿ ಹಾಕಿ ತಿಕ್ಕಿ ಬೆಳಗಿ, ಹಗ್ಗ ಕಟ್ಟಿ, "ನೀನೇ ಸೇದು" ಎಂದು ನನ್ನ ಕೈಗೆ ಕೊಟ್ಟರು. ಆ ನಗ್ಗನ್ನು ಅವರು ಬಂದವರಿಗೆಲ್ಲ, "ಇದು ನನ್ನ ಸೊಸೆಯ ಗುರುತು" ಎಂದು ತೋರಿಸುತ್ತಿದ್ದರು, ದೂರಿನ ಹಾಗೆಯೂ ಅಲ್ಲ, ಹೊಗಳಿಕೆಯ ಹಾಗೆಯೂ ಅಲ್ಲ. ಹಬ್ಬ ಮುಗಿದು ಶಾಲೆಗೆ ಹೋದ ದಿನ ಬೋರ್ಡಿನ ಮೇಲೆ ನಾನು ಬರೆದ ಸಾಲು ಬೆಟ್ಟ ಹತ್ತಿದಂತೆ ಮೇಲಕ್ಕೆ ಹೋಯಿತು. ಒರೆಸಿ ಮತ್ತೆ ಬರೆದೆ. ಸೀಮೆಸುಣ್ಣ ಬೀಳಲಿಲ್ಲ. ಅಂದಿನಿಂದ ಇಂದಿನವರೆಗೂ ಬರೆಯುತ್ತಲೇ ಇದ್ದೇನೆ.

ಒಡೆದ ಹೋಳುಗಳನ್ನು ಎಸೆಯಲು ಕಂಪೌಂಡರು ಬಿಡಲಿಲ್ಲ. ಒಂದಕ್ಕೊಂದು ಜೋಡಿಸಿ, ಸಿಮೆಂಟಿನಲ್ಲಿ ಅದ್ದಿದ ಬೈರಾಸಿನ ಪಟ್ಟಿಗಳನ್ನು ಕೂಡುವ ಜಾಗಕ್ಕೆ ಸುತ್ತಿ, ಸರಿಯಾದ ಪ್ಲಾಸ್ಟರನ್ನೇ ಹಾಕಿದರು. ನಾನು ಟೀಚರಲ್ಲವೇ, ಸಂದರ್ಭಕ್ಕೆ ತಕ್ಕ ಮಾತೊಂದು ಬಾಯಿಗೆ ಬಂತು. "ಮುರಿದ ಎಲುಬು ಕೂಡಿದ ಜಾಗದಲ್ಲಿ ಮೊದಲಿಗಿಂತ ಗಟ್ಟಿಯಾಗುತ್ತದಂತೆ, ಹೌದಾ?" ಎಂದೆ. ಅವರು ತಲೆ ಎತ್ತದೆ, "ಹಾಗೆ ಎಲ್ಲರೂ ಹೇಳ್ತಾರೆ. ಮತ್ತೆ ಬಿದ್ರೆ ಮತ್ತೆ ಮುರೀತದೆ. ಬಸ್ಸಿನಿಂದ ನೋಡಿ ಇಳೀರಿ" ಎಂದರು.

ಆ ಮೇಲಿನ ವರ್ಷಗಳಲ್ಲಿ ನಡುಕ ಅವರ ಬಲಗೈಗೂ ಬಂತು. ಅವರು ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದರು, ನಾನು ರಜೆಯ ದಿನಗಳಲ್ಲಿ ಅದ್ದಿ ಹಿಂಡುತ್ತಿದ್ದೆ. ಶಾಲೆಯಿಂದ ಬಂದ ಕೂಡಲೇ ಪಾಗಾರದ ಹತ್ತಿರ ಹೋಗಿ ಕೈ ಚಾಚುವುದು ಅಭ್ಯಾಸವಾಗಿತ್ತು. "ಒತ್ತಿ ನೋಡುವ" ಎನ್ನುತ್ತಿದ್ದರು. ಒತ್ತುತ್ತಿದ್ದೆ. "ಆಯ್ತು, ಪಾಸು" ಎನ್ನುತ್ತಿದ್ದರು. ಕೊನೆಕೊನೆಗೆ ಹಾಸಿಗೆ ಹಿಡಿದಾಗಲೂ ಕೈ ಕೇಳಿದರು. ಕೊಟ್ಟೆ. ನನ್ನ ಬೆರಳುಗಳ ನಡುವೆ ಅವರ ಕೈ ಒದ್ದೆ ಬೈರಾಸಿನಂತೆ ಹಗುರಾಗಿ ಬಿದ್ದಿತ್ತು. ಒತ್ತಲು ನನಗೆ ಮನಸ್ಸಾಗಲಿಲ್ಲ, ಸುಮ್ಮನೆ ಹಿಡಿದುಕೊಂಡೆ. "ಒತ್ತಿ ಟೀಚರ್" ಎಂದರು, ಮೊದಲಿನದ್ದೇ ಗದರಿಕೆಯಲ್ಲಿ. ಒತ್ತಿದೆ.

ಅವರು ಹೋದ ದಿನ ಅಂಗಳ ತುಂಬ ಜನ. ಒಬ್ಬರಿಗೊಬ್ಬರು ಪರಿಚಯವಿಲ್ಲದವರು ಮೆಲುದನಿಯಲ್ಲಿ ಹೇಳಿಕೊಳ್ಳುತ್ತಿದ್ದರು: "ನನ್ನದು ಕಾಲು." "ನನ್ನ ಮಗನದ್ದು ಮೊಣಕೈ." ಚಟ್ಟ ಎತ್ತಿದವರಲ್ಲಿ ಮುಂದೆ ನಿಂತವರದ್ದು ಹೆಗಲಿನ ಎಲುಬಂತೆ. ನಾನು ಪಾಗಾರದ ಈಚೆ ನಿಂತು ಅಳುತ್ತಿದ್ದೆ. ನನ್ನ ಪಕ್ಕದಲ್ಲಿ ಅತ್ತೆಯೂ ಅಳುತ್ತಿದ್ದರು. ಕಂಪೌಂಡರ ಹೆಂಡತಿ ವರ್ಷ ಕಳೆದ ಮೇಲೆ ಮನೆ ಮಾರಿ ವೇಣೂರಿನ ತಂಗಿಯ ಬಳಿಗೆ ಹೋದರು.

ಮೊನ್ನೆ ಮೆಟ್ಟಿಲ ಮೇಲೆ ಚಟ್ಟಿಯನ್ನಿಟ್ಟುಕೊಂಡು ನೋಡಿದರೆ, ಒಂದು ಬದಿಯ ಬೆಸುಗೆ ಸಣ್ಣಗೆ ಬಾಯಿ ಬಿಟ್ಟಿದೆ. ಮಲ್ಲಿಗೆಯ ಬೇರು ಒಳಗಿನಿಂದ ದೂಡುತ್ತಿದೆ. ಮೇಸ್ತ್ರಿಯ ಹತ್ತಿರ ಸ್ವಲ್ಪ ಸಿಮೆಂಟು ಕೇಳಿದೆ. ನೀರು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ತಂದು, ಹಳೆಯ ಬೈರಾಸೊಂದನ್ನು ಅದ್ದಿ ಹಿಂಡಿದೆ. ಬೂದು ನೀರು ಧಾರೆಯಾಗಿ ಇಳಿಯಿತು. ಮೇಸ್ತ್ರಿ ಕೆಲಸ ನಿಲ್ಲಿಸಿ ನೋಡುತ್ತಿದ್ದವರು, "ನಿಮ್ಮ ಕೈಗೆ ಒಳ್ಳೆ ಬಲ ಉಂಟು ಮಾರಾಯ್ರೆ. ಈ ಕೆಲಸ ಎಲ್ಲಿ ಕಲಿತದ್ದು?" ಎಂದು ಕೇಳಿದರು.

"ಇಲ್ಲಿಯೇ. ಆಚೆ ಮನೆಯಲ್ಲಿ ಒಬ್ಬರಿದ್ದರು" ಎಂದೆ.

ಬಿರುಕಿಗೆ ಪಟ್ಟಿ ಸುತ್ತಿ ಮುಗಿಸುವಾಗ ಸಂಜೆಯಾಗಿತ್ತು. ಮೇಸ್ತ್ರಿ ಹೋಗಿದ್ದರು. ಪಾಗಾರ ನನ್ನ ತಲೆಗಿಂತ ಮೇಲೆ ಬಂದಿತ್ತು. ಕೈ ತೊಳೆದುಕೊಂಡು, ಶಾಲೆಯಿಂದ ಬಂದ ದಿನಗಳಲ್ಲಿ ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ ನಿಂತೆ. ನನ್ನ ಈ ಕೈಯನ್ನು ನನಗೆ ವಾಪಸ್ಸು ಕೊಟ್ಟವರಿಗೆ ಒಂದು ದಿನವೂ ಬಾಯಿಬಿಟ್ಟು ಉಪಕಾರ ಹೇಳಿದವಳಲ್ಲ ನಾನು. ಕೈ ಚಾಚಿ, ಹಸಿ ಗೋಡೆಯ ಮೇಲಿಟ್ಟು, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದೆ.

ಪಾಸು ಎನ್ನಲು ಆಚೆ ಯಾರೂ ಇರಲಿಲ್ಲ.